ಲೊಫೋಟೆನ್, ವೆಸ್ಟೆರೋಲೆನ್, ಸೆನ್ಯಾ: ಕಾರು ಯಾವ ಕಡೆ ತಿರುಗಿಸೋದು?

ನಾರ್ವೆಗೆ ಹೊರಟವರೆಲ್ಲ ನನಗೆ ಕಳಿಸುವುದು ಒಂದೇ ಫೋಟೋ. ಹಿಂದೆ ಚೂಪು ಬೆಟ್ಟ, ಮುಂದೆ ನೀರು, ನೀರಂಚಿನಲ್ಲಿ ಕಂಬದ ಮೇಲೆ ನಿಂತ ಕೆಂಪು ಮರದ ಮನೆಗಳು. ಕೆಳಗೊಂದು ಸಾಲು: "ಇಲ್ಲಿಗೇ ಹೋಗ್ಬೇಕು, ಒಂದು ವಾರ ಇದೆ, ಪ್ಲ್ಯಾನ್ ಹೇಳು."

ಆ ಮನೆಗಳಿರುವುದು ಹಾಮ್ನೊಯ್ ಎಂಬ ಹಳ್ಳಿಯಲ್ಲಿ. ಲೊಫೋಟೆನ್ ದ್ವೀಪಗಳ ಸಾಲಿನಲ್ಲಿ ಬಹುತೇಕ ಕೊನೆ. ಫೋಟೋ ತೆಗೆಯುವುದು ಸೇತುವೆಯ ಮೇಲೆ ನಿಂತು. ಸೇತುವೆಗೆ ಒಂದೇ ಲೇನು, ಹಾಗಾಗಿ ಸಿಗ್ನಲ್ ದೀಪ. ಕೆಂಪು ಬಿದ್ದಾಗ ಕಾರು ನಿಲ್ಲಿಸಿ ಕಿಟಕಿ ಇಳಿಸಿದರೆ ಪಕ್ಕದ ಬಂಡೆಯಲ್ಲಿ ಗೂಡು ಕಟ್ಟಿದ ಕಡಲಹಕ್ಕಿಗಳ ಗಲಾಟೆ, ಜೊತೆಗೆ ಅವುಗಳ ಹಿಕ್ಕೆಯ ನಾತ. ಅದು ಫೋಟೋದಲ್ಲಿ ಬರುವುದಿಲ್ಲ.

ಸ್ವೀಡನ್ನಿನಲ್ಲಿ ಕೆಲಸದಲ್ಲಿದ್ದಾಗ ಮೂರು ಸಲ ಆ ಕಡೆ ಕಾರು ಓಡಿಸಿದೆ. ಒಮ್ಮೆ ಜುಲೈ, ಒಮ್ಮೆ ಸೆಪ್ಟೆಂಬರ್, ಒಮ್ಮೆ ಮಾರ್ಚ್. ಆರ್ಕ್ಟಿಕ್ ವೃತ್ತದಿಂದ ಮೇಲೆ ಅದೇ ಕರಾವಳಿಯಲ್ಲಿ ಮೂರು ಆಯ್ಕೆಗಳಿವೆ. ದಕ್ಷಿಣದಲ್ಲಿ ಲೊಫೋಟೆನ್, ಅದರ ಬೆನ್ನಿಗೆ ವೆಸ್ಟೆರೋಲೆನ್, ಇನ್ನೂ ಮೇಲಕ್ಕೆ ಸೆನ್ಯಾ. ಯಾವುದು ಚೆಂದ ಎಂದು ಕೇಳಿದರೆ ನನ್ನಲ್ಲಿ ಉತ್ತರವಿಲ್ಲ. ಎಷ್ಟು ದಿನ ಇದೆ, ಯಾವ ತಿಂಗಳು, ಕಾರಿನಲ್ಲಿ ಯಾರ್ಯಾರು ಇರುತ್ತಾರೆ ಎಂದು ಹೇಳಿ, ಆಗ ಉತ್ತರ ಸುಲಭ.

ಲೊಫೋಟೆನ್: ಮೊದಲ ಸಲಕ್ಕೆ ಇದೇ

ಐದಾರು ದಿನ ಇದ್ದು, ಮತ್ತೆ ಬರುವುದು ಗ್ಯಾರಂಟಿ ಇಲ್ಲ ಅಂದರೆ ಯೋಚಿಸಬೇಡಿ, ಲೊಫೋಟೆನ್‌ಗೆ ಹೋಗಿ. ಜನಜಂಗುಳಿ ಇದೆ, ದುಬಾರಿ ಇದೆ, ಆದರೂ ಹೋಗಿ. ಇಲ್ಲಿ ಚೆಂದದ ಜಾಗಗಳು ಒಂದಕ್ಕೊಂದು ಅಂಟಿಕೊಂಡಂತೆ ಇವೆ. ರಾಷ್ಟ್ರೀಯ ಪ್ರವಾಸಿ ರಸ್ತೆ ಅಂತ ನಾರ್ವೆ ಗುರುತಿಸಿರುವ ಭಾಗ ಕವಲುಗಳೂ ಸೇರಿ 230 ಕಿಲೋಮೀಟರ್. ಮುಖ್ಯ ಹಾದಿ ಇ10. ಅದು ಸ್ವೀಡನ್ನಿನ ಲುಲಿಯೋದಿಂದ ಹೊರಟು ಸೇತುವೆ, ಸುರಂಗ ಎಲ್ಲ ದಾಟಿ ಬಂದು ಮುಗಿಯುವ ಊರಿನ ಹೆಸರು ಓ. ಒಂದೇ ಅಕ್ಷರದ ಹೆಸರು, ಅದೂ ನಾರ್ವೇಜಿಯನ್ ವರ್ಣಮಾಲೆಯ ಕೊನೆಯ ಅಕ್ಷರ. ಊರಿನ ಬೋರ್ಡನ್ನು ಪ್ರವಾಸಿಗರು ಆಗಾಗ ಕದ್ದುಕೊಂಡು ಹೋಗುತ್ತಾರೆ.

ಸ್ವೋಲ್ವೇರ್ ಪೇಟೆಯಿಂದ ಓಗೆ ಸುಮಾರು 130 ಕಿಲೋಮೀಟರ್. ಮ್ಯಾಪ್ ಎರಡೂವರೆ ಗಂಟೆ ಅನ್ನುತ್ತದೆ. ಇದನ್ನು ನೋಡಿಯೇ ಜನ ಎಡವುವುದು. "ಎರಡೂವರೆ ಗಂಟೆ ತಾನೇ, ಬೆಳಿಗ್ಗೆ ಹೋಗಿ ಸಂಜೆ ಬರೋಣ" ಅಂತ ಒಂದೇ ದಿನ ಇಡುತ್ತಾರೆ. ನಾವೂ ಮೊದಲ ಸಲ ಹಾಗೇ ಮಾಡಿದೆವು. ಹೆನ್ನಿಂಗ್ಸ್‌ವೇರ್‌ಗೆ ಕವಲು ಹೊಡೆದು ಬಂಡೆಗಳ ನಡುವೆ ಸಿಕ್ಕಿಸಿಟ್ಟಂತಿರುವ ಫುಟ್‌ಬಾಲ್ ಮೈದಾನ ನೋಡುವಷ್ಟರಲ್ಲಿ ಮಧ್ಯಾಹ್ನ. ಬೋರ್ಗ್‌ನಲ್ಲಿ ವೈಕಿಂಗ್ ಮ್ಯೂಸಿಯಂ. 1981ರಲ್ಲಿ ರೈತರೊಬ್ಬರು ಹೊಲ ಉಳುವಾಗ ಹಳೆಯ ಕಾಲದ ಕುರುಹು ಸಿಕ್ಕಿ, ಅಗೆದು ನೋಡಿದರೆ 83 ಮೀಟರ್ ಉದ್ದದ ಮುಖಂಡನ ಮನೆಯ ಅಡಿಪಾಯ! ಅದೇ ಅಳತೆಯ ಮನೆ ಈಗ ಪಕ್ಕದಲ್ಲಿ ಕಟ್ಟಿಟ್ಟಿದ್ದಾರೆ. ಅಲ್ಲಿಂದ ಹೌಕ್ಲಾಂಡ್ ಬೀಚ್, ಆಮೇಲೆ ಸಮುದ್ರದಡಿಯ ನಾಪ್‌ಸ್ಟ್ರೌಮ್ ಸುರಂಗ, ನೂಸ್‌ಫ್ಯೋರ್ಡ್ ಹಳ್ಳಿ. ಹಾಮ್ನೊಯ್ ಪಕ್ಕದ ರೈನೆ ತಲುಪಿದಾಗ ರಾತ್ರಿ ಒಂದು ಗಂಟೆ. ಸೂರ್ಯ ಇನ್ನೂ ಮೇಲೇ ಇದ್ದ, ಆದ್ದರಿಂದ ಗೊತ್ತೇ ಆಗಿರಲಿಲ್ಲ. ಹೆಂಡತಿ ಮಾತು ಬಿಟ್ಟಿದ್ದಳು.

ಹಾಗಾಗಿ ಲೊಫೋಟೆನ್‌ಗೆ ಕನಿಷ್ಠ ನಾಲ್ಕು ರಾತ್ರಿ ಇಡಿ. ಎರಡು ರಾತ್ರಿ ಸ್ವೋಲ್ವೇರ್–ಹೆನ್ನಿಂಗ್ಸ್‌ವೇರ್ ಕಡೆ, ಎರಡು ರಾತ್ರಿ ರೈನೆ ಕಡೆ. ದಿನಾ ರೂಮು ಬದಲಿಸಬೇಡಿ.

ಬೆಟ್ಟ ಹತ್ತುವ ಆಸೆಯಿದ್ದರೆ ರೈನೆಬ್ರಿಂಗೆನ್ ಇದೆ. ಎತ್ತರ 448 ಮೀಟರ್ ಮಾತ್ರ. ನೇಪಾಳದ ಶೆರ್ಪಾಗಳು ಬಂದು ಕಲ್ಲಿನ ಮೆಟ್ಟಿಲು ಹಾಕಿಕೊಟ್ಟಿದ್ದಾರೆ, ಹತ್ತಿರ ಹತ್ತಿರ ಎರಡು ಸಾವಿರ. ಚಾಮುಂಡಿ ಬೆಟ್ಟ ಹತ್ತಿದವರು ಅದರ ದುಪ್ಪಟ್ಟು ಅಂದುಕೊಳ್ಳಿ, ಆದರೆ ಇನ್ನೂ ಕಡಿದು. ಮಳೆ ಬಂದ ದಿನ ಬೇಡವೇ ಬೇಡ.

ಸೆನ್ಯಾ: ಎರಡನೇ ಸಲಕ್ಕೆ, ಅಥವಾ ಜನ ಕಂಡರೆ ಆಗದವರಿಗೆ

ಸ್ವಾಲ್ಬಾರ್ಡ್ ಬಿಟ್ಟರೆ ಸೆನ್ಯಾ ನಾರ್ವೆಯ ಎರಡನೇ ಅತಿ ದೊಡ್ಡ ದ್ವೀಪ. ಹೆಸರು ಕಡಿಮೆ. ನೋಡಬೇಕಾದ ರಸ್ತೆ ಗ್ರಿಲ್ಲೆಫ್ಯೋರ್ಡ್‌ನಿಂದ ಬೊಟ್ನ್‌ಹಾಮ್‌ವರೆಗೆ, ಕವಲುಗಳೂ ಸೇರಿ 102 ಕಿಲೋಮೀಟರ್. ಇಲ್ಲಿ ಒಂದು ಫ್ಯೋರ್ಡ್‌ನ (ಬೆಟ್ಟಗಳ ನಡುವೆ ಒಳಕ್ಕೆ ಚಾಚಿದ ಸಮುದ್ರದ) ಸುತ್ತ ಬಳಸಿ, ಬೆಟ್ಟ ಏರಿ ಅಥವಾ ಸುರಂಗ ತೂರಿ, ಮುಂದಿನ ಫ್ಯೋರ್ಡ್‌ಗೆ ಇಳಿಯುತ್ತೀರಿ. ಮತ್ತೆ ಅದೇ. ಪ್ರತಿ ಇಳಿತಕ್ಕೂ ನೋಟ ಬದಲಾಗುತ್ತದೆ. ಬರೀ ಡ್ರೈವಿಂಗ್ ಖುಷಿಗೆ ಅಂದರೆ ನನ್ನ ಓಟು ಸೆನ್ಯಾಗೇ.

ಬೆರ್ಗ್ಸ್‌ಬೊಟ್ನ್ ಎಂಬಲ್ಲಿ ರಸ್ತೆಯಂಚಿನಿಂದ 44 ಮೀಟರ್ ಉದ್ದದ ಕಟ್ಟೆ ಗಾಳಿಯಲ್ಲಿ ಚಾಚಿಕೊಂಡಿದೆ. ಕೆಳಗೆ ಇಡೀ ಫ್ಯೋರ್ಡ್. ಟುಂಗೆನೆಸೆಟ್‌ನಲ್ಲಿ ಮರದ ಹಾದಿಯಲ್ಲಿ ನಡೆದು ಬಂಡೆಯ ಮೇಲೆ ಕೂತರೆ ಎದುರಿಗೆ ಗರಗಸದ ಹಲ್ಲಿನಂಥ ಬೆಟ್ಟಸಾಲು. ಅಲ್ಲಿನವರು ಅದನ್ನು ಸೈತಾನನ ಹಲ್ಲು ಅನ್ನುತ್ತಾರೆ. ಎರ್ಸ್‌ಫ್ಯೋರ್ಡ್ ಬೀಚಿನಲ್ಲಿ ಚಿನ್ನದ ಬಣ್ಣದ ಮೂರುಮೂಲೆಯ ಶೌಚಾಲಯ ಕಟ್ಟಿದ್ದಾರೆ. ತಮಾಷೆ ಅಲ್ಲ, ನಿಜ. ಅದರ ಮುಂದೆಯೂ ಜನ ಫೋಟೋ ತೆಗೆಸಿಕೊಳ್ಳುತ್ತಾರೆ, ನಾನೂ ತೆಗೆಸಿಕೊಂಡೆ.

ಹೂಸೊಯ್ ಹಳ್ಳಿಯನ್ನು ತಪ್ಪಿಸಬೇಡಿ. ಫ್ಯೋರ್ಡ್‌ನೊಳಗೆ ಅಂಗೈಯಷ್ಟು ದ್ವೀಪ, ಕಲ್ಲು ತುಂಬಿ ಕಟ್ಟಿದ ರಸ್ತೆಯಲ್ಲಿ ದಡಕ್ಕೆ ಸೇರಿಸಿದ್ದಾರೆ. ನಾವು ಹೋದ ಮಾರ್ಚ್ ಮಧ್ಯಾಹ್ನ ಹಳ್ಳಿಯಲ್ಲಿ ಪ್ರವಾಸಿಗರು ಅಂತ ಇದ್ದವರು ನಾವಿಬ್ಬರೇ. ಮೀನಿನ ಕಾರ್ಖಾನೆಯ ಫೋರ್ಕ್‌ಲಿಫ್ಟ್ ಹಿಂದೆ ಮುಂದೆ ಓಡುತ್ತಿತ್ತು. ಚಾಲಕ ನಮ್ಮ ಕಾರಿಗೆ ದಾರಿ ಬಿಡಲಿಲ್ಲ, ನಾವೇ ರಿವರ್ಸ್ ತೆಗೆದೆವು. ಲೊಫೋಟೆನ್‌ನಲ್ಲಿ ಎಷ್ಟೋ ಮೀನುಗಾರರ ಮನೆಗಳು ಈಗ ಹೋಟೆಲ್ ರೂಮುಗಳು. ಇಲ್ಲಿ ಮೀನಿನವರು ಇನ್ನೂ ಮೀನಿನವರೇ. ಹಳ್ಳಿಯ ದುಡಿಮೆ ನೋಡಬೇಕು ಅನ್ನುವವರಿಗೆ ಸೆನ್ಯಾ ಸರಿ.

ಕೊರತೆಯೂ ಇದೆ. ಹೋಟೆಲ್, ಕೆಫೆ ಕಡಿಮೆ. ಪೆಟ್ರೋಲ್, ದಿನಸಿ ಎರಡೂ ಫಿನ್ಸ್‌ನೆಸ್ ಪೇಟೆಯಲ್ಲೇ ತುಂಬಿಸಿಕೊಂಡು ಸೇತುವೆ ದಾಟುವುದು ಒಳ್ಳೆಯದು. ಕೆಲವು ಸುರಂಗಗಳು ಕಿರಿದು. ಫ್ಯೋರ್ಡ್‌ಗೋರ್ಡ್ ಕಡೆಗಿನ ಹಾದಿಯಲ್ಲಿ ಕತ್ತಲೊಳಗೆ ಎದುರಿನ ದೀಪ ಕಂಡು ಪಕ್ಕಕ್ಕೆ ಸರಿದು ಕಾದಿದ್ದು ನೆನಪಿದೆ. ಆ ಹಳ್ಳಿಯ ಮೇಲೆ ನಿಂತಿರುವುದು 639 ಮೀಟರ್‌ನ ಸೆಗ್ಲಾ ಬೆಟ್ಟ. ಫೋಟೋಗಳಲ್ಲಿ ಕಾಣುವ ಆ ಹಾಯಿಯಂಥ ಆಕಾರ ಬೇಕಿದ್ದರೆ ಸೆಗ್ಲಾ ಹತ್ತಿದರೆ ಸಿಗುವುದಿಲ್ಲ. ಪಕ್ಕದ ಹೆಸ್ಟೆನ್ ಹತ್ತಬೇಕು.

ವೆಸ್ಟೆರೋಲೆನ್: ಮಕ್ಕಳು, ಅಪ್ಪ ಅಮ್ಮ ಜೊತೆಗಿದ್ದರೆ

ಇದನ್ನು ಎಲ್ಲರೂ ದಾರಿಯಲ್ಲಿ ಸಿಗುವ ಊರು ಎಂದು ಹಾದುಹೋಗುತ್ತಾರೆ. ಬೆಟ್ಟ ಲೊಫೋಟೆನ್‌ನಷ್ಟು ಚೂಪಲ್ಲ, ನಿಜ. ರಸ್ತೆ ಅಗಲ, ಊರುಗಳು ಸಮತಟ್ಟು, ಖರ್ಚು ಸ್ವಲ್ಪ ಕಡಿಮೆ. ಆದರೆ ತಿಮಿಂಗಿಲ ಇರುವುದು ಇಲ್ಲಿ. ಆಂಡೆನೆಸ್ ಎದುರಿಗೆ ಸಮುದ್ರದ ತಳ ದಡದ ಹತ್ತಿರವೇ ದಿಢೀರನೆ ಕುಸಿಯುತ್ತದೆ. ಆ ಕಮರಿಯಲ್ಲಿ ಸ್ಕ್ವಿಡ್‌ಗಳನ್ನು (ನಮ್ಮ ಕಡೆಯ ಬೊಂಡಾಸ್) ಹುಡುಕಿಕೊಂಡು ಸ್ಪರ್ಮ್ ತಿಮಿಂಗಿಲಗಳು ವರ್ಷವಿಡೀ ಬರುತ್ತವೆ, ಎಲ್ಲವೂ ಗಂಡು. ಬೇರೆ ಕಡೆ ಅರ್ಧ ದಿನ ಸಮುದ್ರದಲ್ಲಿ ಹೋಗಿ ನೋಡಬೇಕಾದದ್ದು ಇಲ್ಲಿ ಹತ್ತಿರದಲ್ಲೇ ಸಿಗುತ್ತದೆ. ದೋಣಿ ಮಾತ್ರ ತೂಗುತ್ತದೆ, ತಿಂಡಿ ಹಗುರವಾಗಿರಲಿ.

ಬ್ಲೈಕ್‌ನಲ್ಲಿ ಎರಡೂವರೆ ಕಿಲೋಮೀಟರ್ ಬಿಳಿ ಮರಳು, ಎದುರಿನ ಕೋನದಂಥ ದ್ವೀಪದಲ್ಲಿ ಪಫಿನ್ ಹಕ್ಕಿಗಳು. ನಿಕ್ಸುಂಡ್ 1970ರ ದಶಕದಲ್ಲಿ ಜನರೆಲ್ಲ ಬಿಟ್ಟುಹೋದ ಮೀನುಗಾರರ ಹಳ್ಳಿ, ಆಮೇಲೆ ಮತ್ತೆ ಬಣ್ಣ ಬಳಿದುಕೊಂಡು ಎದ್ದಿತು. ಸ್ಟೋಕ್‌ಮಾರ್ಕ್‌ನೆಸ್‌ನಲ್ಲಿ ಒಂದು ಇಡೀ ಹಡಗನ್ನು ಗಾಜಿನ ಮನೆಯೊಳಗೆ ಇಟ್ಟಿದ್ದಾರೆ. ಹುರ್ಟಿಗ್ರೂಟೆನ್ ಎಂಬ ಕರಾವಳಿ ಹಡಗು ಸೇವೆ 1893ರಲ್ಲಿ ಶುರುವಾಗಿದ್ದು ಇಲ್ಲಿಯ ರಿಕಾರ್ಡ್ ವಿತ್ ಅವರಿಂದ. ಮಕ್ಕಳಿಗೆ ಬೋರಾಗುವುದಿಲ್ಲ, ಹಿರಿಯರಿಗೆ ಮೆಟ್ಟಿಲು ಹತ್ತುವ ಗೋಜಿಲ್ಲ.

ಮೂರನ್ನೂ ಒಂದೇ ಸಲ?

ಹತ್ತು ಹನ್ನೆರಡು ದಿನ ಇದ್ದರೆ ಮಾತ್ರ. ಆಗ ಟ್ರೊಮ್ಸೊಗೆ ವಿಮಾನ, ಬ್ರೆನ್ಸ್‌ಹೊಲ್ಮೆನ್‌ನಿಂದ ಬೊಟ್ನ್‌ಹಾಮ್‌ಗೆ ಮುಕ್ಕಾಲು ಗಂಟೆಯ ಫೆರಿ, ಸೆನ್ಯಾ. ಗ್ರಿಲ್ಲೆಫ್ಯೋರ್ಡ್‌ನಿಂದ ಆಂಡೆನೆಸ್‌ಗೆ ಒಂದೂಮುಕ್ಕಾಲು ಗಂಟೆಯ ಫೆರಿ, ವೆಸ್ಟೆರೋಲೆನ್. ಮೆಲ್ಬುವಿನಿಂದ ಫಿಸ್ಕೆಬೋಲ್‌ಗೆ ಅರ್ಧ ಗಂಟೆಯ ಫೆರಿ, ಲೊಫೋಟೆನ್. ಕೊನೆಗೆ ಮೊಸ್ಕೆನೆಸ್‌ನಿಂದ ಮುಖ್ಯಭೂಮಿಯ ಬೂಡೊಗೆ ಫೆರಿ. ಅದ್ಭುತ ದಾರಿ. ಎರಡು ತೊಡಕು: ಆಂಡೆನೆಸ್ ಫೆರಿ ಓಡುವುದು ಬೇಸಿಗೆಯಲ್ಲಿ ಮಾತ್ರ, ಆ ವರ್ಷದ ವೇಳಾಪಟ್ಟಿ ನೋಡದೆ ರೂಮು ಬುಕ್ ಮಾಡಬೇಡಿ. ಅದು ತಪ್ಪಿದರೆ ರಸ್ತೆಯಲ್ಲಿ ಸುತ್ತಿ ಬರಲು ಇಡೀ ದಿನ ಹೋಗುತ್ತದೆ. ಇನ್ನೊಂದು, ಒಂದೂರಲ್ಲಿ ತೆಗೆದುಕೊಂಡ ಕಾರನ್ನು ಇನ್ನೊಂದೂರಲ್ಲಿ ಬಿಟ್ಟರೆ ಬಾಡಿಗೆ ಕಂಪನಿ ಹಾಕುವ ಎಕ್ಸ್‌ಟ್ರಾ ಚಾರ್ಜು ಜಾಸ್ತಿ. ಬುಕ್ ಮಾಡುವಾಗಲೇ ಕೇಳಿ.

ವಾರವೊಂದೇ ಇದ್ದರೆ ಮೂರರಲ್ಲಿ ಒಂದು, ಇಲ್ಲವೇ ಲೊಫೋಟೆನ್–ವೆಸ್ಟೆರೋಲೆನ್ ಜೋಡಿ.

ಯಾವ ತಿಂಗಳು

ಜಾಗ ಆರಿಸುವುದಕ್ಕಿಂತ ಇದು ಮುಖ್ಯ ಅಂತ ನನಗೆ ಮೂರನೇ ಸಲ ಹೋದ ಮೇಲೆ ಅರ್ಥವಾಯಿತು.

ಲೊಫೋಟೆನ್‌ನಲ್ಲಿ ಮೇ ಕೊನೆಯಿಂದ ಜುಲೈ ಮಧ್ಯದವರೆಗೆ ಸೂರ್ಯ ಮುಳುಗುವುದೇ ಇಲ್ಲ. ಬೀಚಿನಲ್ಲಿ ಕೂತು ನಡುರಾತ್ರಿಯ ಸೂರ್ಯ ನೋಡುವುದು ಒಮ್ಮೆ ಅನುಭವಿಸಲೇಬೇಕು. ಆದರೆ ಜುಲೈನಲ್ಲಿ ನಾರ್ವೆಯವರಿಗೇ ರಜೆ. ಅವರ ಕ್ಯಾರವಾನ್‌ಗಳು, ಜರ್ಮನಿಯ ಕ್ಯಾಂಪರ್‌ವ್ಯಾನ್‌ಗಳು, ನಮ್ಮಂಥವರ ಬಾಡಿಗೆ ಕಾರು, ಎಲ್ಲ ಒಂದೇ ಕಿರಿದಾದ ರಸ್ತೆಯಲ್ಲಿ. ರೈನೆಯಲ್ಲಿ ಪಾರ್ಕಿಂಗ್ ಹುಡುಕುವುದು ಶನಿವಾರ ಸಂಜೆ ಮಲ್ಲೇಶ್ವರದಲ್ಲಿ ಹುಡುಕಿದ ಹಾಗೆ. ಉಪಾಯ ಒಂದಿದೆ: ಬೆಳಕು ಇದ್ದೇ ಇರುತ್ತದಲ್ವಾ, ಹಗಲು ಮಲಗಿ ರಾತ್ರಿ ಎಂಟರ ಮೇಲೆ ಹೊರಡಿ. ಜೂನ್ ಮೊದಲೆರಡು ವಾರ ಸಿಕ್ಕರೆ ಜುಲೈ ಬಿಟ್ಟುಬಿಡಿ.

ಸೆಪ್ಟೆಂಬರ್ ನನ್ನ ಆಯ್ಕೆ. ಹಗಲು ರಾತ್ರಿ ಸಮವಾಗುವ ಕಾಲ. ಹಗಲಲ್ಲಿ ಬೆಟ್ಟ ಹತ್ತಬಹುದು, ಆಕಾಶ ತಿಳಿಯಾಗಿದ್ದರೆ ರಾತ್ರಿ ಉತ್ತರದ ಬೆಳಕು, ಅಂದರೆ ಆಕಾಶದಲ್ಲಿ ಅಲೆಯಾಡುವ ಅರೋರಾ. ಹುಲ್ಲು, ಗಿಡ ಎಲ್ಲ ಹಳದಿ ಕೆಂಪಾಗಿರುತ್ತದೆ. ನಷ್ಟವೇನು ಅಂದರೆ ಮಳೆ, ಮುಚ್ಚಿದ ಕೆಲವು ಕೆಫೆಗಳು, ಮತ್ತೆ ಮೇಲೆ ಹೇಳಿದ ಫೆರಿ.

ಚಳಿಗಾಲ ಅಂದರೆ ಹಿಮದಲ್ಲಿ ಹೂತುಹೋಗುತ್ತೇವೆ ಅಂತ ಹೆದರಬೇಡಿ. ಅಟ್ಲಾಂಟಿಕ್‌ನ ಬೆಚ್ಚಗಿನ ಪ್ರವಾಹ ಇಲ್ಲಿಯವರೆಗೂ ಬರುತ್ತದೆ. 68 ಡಿಗ್ರಿ ಉತ್ತರದಲ್ಲಿದ್ದರೂ ತೀರದಲ್ಲಿ ಚಳಿ ಸೊನ್ನೆಯ ಆಸುಪಾಸು. ಕಷ್ಟ ಕೊಡುವುದು ಗಾಳಿ, ಮತ್ತು ಕರಗಿ ಮತ್ತೆ ಹೆಪ್ಪುಗಟ್ಟಿದ ರಸ್ತೆ. ಡಿಸೆಂಬರ್ ಎರಡನೇ ವಾರದಿಂದ ಜನವರಿ ಮೊದಲವರೆಗೆ ಸೂರ್ಯನ ಮುಖವೇ ಕಾಣುವುದಿಲ್ಲ, ನಡುಹಗಲಿನ ಆಚೀಚೆ ಕೆಲವು ಗಂಟೆಗಳ ಕಾಲ ನೀಲಿ ಬೆಳಕು ಅಷ್ಟೇ. ಹೊಸಬರು ಆ ಕತ್ತಲಲ್ಲಿ ಕಾರು ಓಡಿಸುವುದು ಬೇಡ. ಮಾರ್ಚ್ ಆದರೆ ಹನ್ನೆರಡು ಗಂಟೆ ಬೆಳಕಿರುತ್ತದೆ.

ಮಾರ್ಚ್‌ಗೆ ಇನ್ನೊಂದು ಕಾರಣ ಮೀನು. ಬ್ಯಾರೆಂಟ್ಸ್ ಸಮುದ್ರದಿಂದ ಸ್ಕ್ರೈ ಎಂಬ ಕಾಡ್ ಮೀನು ಮೊಟ್ಟೆ ಇಡಲು ಜನವರಿಯಿಂದ ಏಪ್ರಿಲ್‌ವರೆಗೆ ಇಲ್ಲಿಗೆ ಬರುತ್ತದೆ. ಸಾವಿರ ವರ್ಷದಿಂದ ಲೊಫೋಟೆನ್ ಬದುಕಿರುವುದೇ ಅದರಿಂದ. ಊರಿನ ಹೊರಗೆ ಮರದ ಗಳುಗಳ ದೊಡ್ಡ ಚಪ್ಪರಗಳು. ತಲೆ ತೆಗೆದ ಮೀನನ್ನು ಎರಡೆರಡು ಬಾಲಕ್ಕೆ ಬಾಲ ಕಟ್ಟಿ ಗಳುವಿನ ಮೇಲೆ ತೂಗುಹಾಕುತ್ತಾರೆ. ನಾನು ಮಲ್ಪೆ ಕಡೆಯವನು, ಒಣಮೀನು ಅಂದರೆ ಉಪ್ಪು, ಬಿಸಿಲು, ಮರಳು ಎಂದೇ ಗೊತ್ತು. ಇಲ್ಲಿ ಒಂದು ಕಾಳು ಉಪ್ಪಿಲ್ಲ. ಮಳೆ ಬಂದರೂ ಯಾರೂ ಟಾರ್ಪಾಲು ಹಿಡಿದು ಓಡುವುದಿಲ್ಲ. ಸೊನ್ನೆಯ ಆಚೀಚೆ ಇರುವ ಚಳಿಯಲ್ಲಿ ಮೀನು ಕೊಳೆಯುವುದಿಲ್ಲ, ಕಲ್ಲಾಗುವಷ್ಟು ಹೆಪ್ಪುಗಟ್ಟುವುದೂ ಇಲ್ಲ. ಗಾಳಿ ತಾನೇ ಒಣಗಿಸುತ್ತದೆ. ಬೆರಳಲ್ಲಿ ತಟ್ಟಿ ನೋಡಿದೆ, ಹೊರಗೆ ಚರ್ಮ ಡೋಲಿನಂತೆ, ಒಳಗೆ ಇನ್ನೂ ಮೆತ್ತಗೆ. ತಲೆಗಳನ್ನು ಬೇರೆ ಪೋಣಿಸುತ್ತಾರೆ, ಅವು ನೈಜೀರಿಯಾಕ್ಕೆ. ಒಳ್ಳೆಯ ಮೀನು ಇಟಲಿಗೆ. ವೆನಿಸ್‌ನ ಕ್ವೆರಿನಿ ಎಂಬ ವ್ಯಾಪಾರಿ 1432ರಲ್ಲಿ ಹಡಗು ಒಡೆದು ರೋಸ್ಟ್ ದ್ವೀಪದಲ್ಲಿ ಸಿಕ್ಕಿಕೊಂಡು, ವಾಪಸ್ ಹೋದಾಗ ಈ ಮೀನಿನ ಸುದ್ದಿ ಒಯ್ದ. ಆ ಸಂಬಂಧ ಇವತ್ತಿಗೂ ಇದೆ. ಕಾಡ್‌ನ ನಾಲಗೆ ಕತ್ತರಿಸಿ ಮಾರುವುದು ಇಲ್ಲಿಯ ಶಾಲಾ ಮಕ್ಕಳ ಕೈಕಾಸಿನ ಕೆಲಸ. ಜುಲೈನಲ್ಲಿ ಹೋದವರಿಗೆ ಸಾಮಾನ್ಯವಾಗಿ ಕಾಣುವುದು ಖಾಲಿ ಚಪ್ಪರ.

ಚಳಿಗಾಲದ ಒಂದು ನಿಯಮ: ವಾಪಸ್ ವಿಮಾನದ ಹಿಂದಿನ ದಿನ ಖಾಲಿ ಇಟ್ಟುಕೊಳ್ಳಿ. ಬಿರುಗಾಳಿ ಎದ್ದರೆ ರಸ್ತೆ, ಸೇತುವೆ, ಫೆರಿ ಎಲ್ಲ ನಿಲ್ಲುತ್ತವೆ.

ತಲುಪುವುದು ಹೇಗೆ

ಲೊಫೋಟೆನ್‌ಗೆ ಎರಡು ಒಳ್ಳೆಯ ದಾರಿ. ಒಂದು, ಏವೆನೆಸ್ ವಿಮಾನ ನಿಲ್ದಾಣಕ್ಕೆ ಬಂದು ಕಾರು ತೆಗೆದುಕೊಂಡು ಸ್ವೋಲ್ವೇರ್‌ಗೆ ಎರಡೂವರೆ–ಮೂರು ಗಂಟೆ ಓಡಿಸುವುದು. 2007ರಲ್ಲಿ ಲೊಫಾಸ್ಟ್ ರಸ್ತೆ ಮುಗಿದ ಮೇಲೆ ಈ ದಾರಿಯಲ್ಲಿ ಫೆರಿಯೇ ಬೇಡ. ಇನ್ನೊಂದು, ಬೂಡೊದಿಂದ ಮೊಸ್ಕೆನೆಸ್‌ಗೆ ಮೂರೂಕಾಲರಿಂದ ನಾಲ್ಕು ಗಂಟೆಯ ಫೆರಿ. ಚೆಂದ ಯಾವುದು ಅಂದರೆ ಫೆರಿ. ಸಮುದ್ರದಿಂದ ನೇರ ಗೋಡೆ ಎದ್ದ ಹಾಗೆ ಬೆಟ್ಟಸಾಲು ಮೆಲ್ಲಗೆ ಬೆಳೆಯುತ್ತಾ ಬರುತ್ತದೆ. ಭರವಸೆ ಯಾವುದರ ಮೇಲೆ ಅಂದರೆ ರಸ್ತೆ. ಹೊಟ್ಟೆ ತೊಳಸುವವರು ಚಳಿಗಾಲದಲ್ಲಿ ಆ ಫೆರಿ ಹತ್ತಲೇಬೇಡಿ. ಲೆಕ್ನೆಸ್, ಸ್ವೋಲ್ವೇರ್‌ಗೂ ಪುಟ್ಟ ವಿಮಾನಗಳಿವೆ, ಟಿಕೆಟ್ ಬೆಲೆ ನೋಡಿ ನಿರ್ಧರಿಸಿ. ಸೆನ್ಯಾಗೆ ಟ್ರೊಮ್ಸೊ ಅಥವಾ ಹತ್ತಿರದ ಬಾರ್ಡುಫೊಸ್.

ಕಾರು–ರೋರ್ಬು, ಇಲ್ಲ ಕ್ಯಾಂಪರ್‌ವ್ಯಾನ್?

ಬಸ್ಸಿನ ಮಾತು ಬಿಡಿ, ಇದೆ, ಆದರೆ ದಿನಕ್ಕೆ ಕೆಲವೇ.

ಕ್ಯಾಂಪರ್‌ವ್ಯಾನ್ ಅಂದರೆ ಎಲ್ಲಿ ಬೇಕಾದರೂ ನಿಲ್ಲಿಸಿ ಮಲಗಬಹುದು ಅನ್ನುವ ಕನಸು. ಬೇಸಾಯ ಮಾಡದ ಜಮೀನು ಯಾರದ್ದೇ ಆಗಿದ್ದರೂ ಅಲ್ಲಿ ಓಡಾಡುವ ಹಕ್ಕು ನಾರ್ವೆಯಲ್ಲಿದೆ, ಕಾನೂನಾಗಿದ್ದು 1957ರಲ್ಲಿ. ಅದು ನಡೆದು ಹೋಗಿ ಗುಡಾರ ಹಾಕುವವರಿಗೆ, ಅದೂ ಮನೆಗಳಿಂದ 150 ಮೀಟರ್ ದೂರ. ವಾಹನಕ್ಕೆ ಅನ್ವಯಿಸದು. ಲೊಫೋಟೆನ್‌ನಲ್ಲಿ ಬೇಸಿಗೆಯಲ್ಲಿ ಸಿಕ್ಕಸಿಕ್ಕಲ್ಲಿ ರಾತ್ರಿ ನಿಲ್ಲಿಸುವುದಕ್ಕೆ ಅಲ್ಲಲ್ಲಿ ನಿಷೇಧದ ಬೋರ್ಡುಗಳಿವೆ. ಕೊನೆಗೆ ಕ್ಯಾಂಪಿಂಗ್ ಜಾಗಕ್ಕೇ ದುಡ್ಡು ಕೊಡಬೇಕು. ದೊಡ್ಡ ಗಾಡಿಯನ್ನು ಆ ರಸ್ತೆಯಲ್ಲಿ ರಿವರ್ಸ್ ತೆಗೆಯುವ ಧೈರ್ಯವೂ ಬೇಕು. ಮಕ್ಕಳಿದ್ದು, ಅಭ್ಯಾಸವಿದ್ದು, ಜೂನ್ ಆದರೆ ಸರಿ. ಉಳಿದವರಿಗೆ ಸಣ್ಣ ಕಾರು, ರೋರ್ಬುವಿನಲ್ಲಿ ವಾಸ.

ರೋರ್ಬು ಅಂದರೆ ಮೀನುಗಾರರ ಮನೆ. ದೂರದಿಂದ ದೋಣಿ ಹುಟ್ಟುಹಾಕಿಕೊಂಡು ಬಂದವರು ಉಳಿಯಲಿ ಎಂದು 1120ರ ಸುಮಾರಿಗೆ ರಾಜ ಒಯ್ಸ್ಟೈನ್ ಕಾಬೆಲ್‌ವೋಗ್ ಹತ್ತಿರ ಮೊದಲು ಕಟ್ಟಿಸಿದ. ಈಗ ಒಳಗೆ ಹೀಟರ್, ಒಲೆ, ಪಾತ್ರೆ ಎಲ್ಲ ಇರುತ್ತದೆ. ಅಡುಗೆಮನೆ ಇರುವುದು ನಮಗೆ ದೊಡ್ಡ ಉಪಕಾರ. ನಾರ್ವೆಯ ಕ್ರೋನವನ್ನು ರೂಪಾಯಿಗೆ ಬದಲಿಸಿ ಲೆಕ್ಕ ಹಾಕುತ್ತಾ ಹೊರಗೆ ಊಟ ಮಾಡಿದರೆ ಗಂಟಲಲ್ಲಿ ಇಳಿಯುವುದಿಲ್ಲ. ಸಸ್ಯಾಹಾರಿಗಳಿಗಂತೂ ಹಳ್ಳಿಗಳಲ್ಲಿ ಆಯ್ಕೆ ಕಡಿಮೆ. ಭಾನುವಾರ ಹೆಚ್ಚಿನ ಅಂಗಡಿ ಮುಚ್ಚಿರುತ್ತದೆ, ಶನಿವಾರವೇ ಸಾಮಾನು ತನ್ನಿ. ನಾವು ಒಂದು ಭಾನುವಾರ ಊರಿಂದ ತಂದ ಅವಲಕ್ಕಿ, ಉಪ್ಪಿನಕಾಯಿಯಲ್ಲೇ ಮೂರು ಹೊತ್ತು ಕಳೆದೆವು.

ಕಾರಿನ ವಿಷಯ ಸ್ವಲ್ಪ ಹೇಳಬೇಕು. ಮೊದಲ ಸಲ ಆಟೋಮ್ಯಾಟಿಕ್ ಬುಕ್ ಮಾಡಿದ್ದೆ. ಕೌಂಟರಿನಲ್ಲಿ "ಅದು ಇಲ್ಲ" ಅಂತ ಗೇರ್ ಕಾರು ಕೈಗಿಟ್ಟರು. ಸ್ಟಿಯರಿಂಗ್ ಎಡಕ್ಕೆ, ಗೇರ್ ಬಲಕ್ಕೆ. ಗೇರ್ ಬದಲಿಸಲು ಹೋದಾಗಲೆಲ್ಲ ನನ್ನ ಎಡಗೈ ಬಾಗಿಲಿಗೆ ಬಡಿಯುತ್ತಿತ್ತು. ಎರಡು ದಿನ ಗೆಣ್ಣು ಊದಿಕೊಂಡಿತ್ತು. ಆಟೋಮ್ಯಾಟಿಕ್ಕೇ ಬೇಕು ಅಂತ ಬರಹದಲ್ಲಿ ಪಡೆದುಕೊಳ್ಳಿ. ಭಾರತದ ಲೈಸೆನ್ಸ್‌ನಲ್ಲಿ ಪ್ರವಾಸಿಗರು ಓಡಿಸಬಹುದು, ಆದರೂ ಆರ್‌ಟಿಒದಿಂದ ಇಂಟರ್‌ನ್ಯಾಷನಲ್ ಪರ್ಮಿಟ್ ಮಾಡಿಸಿಕೊಳ್ಳಿ, ಬಾಡಿಗೆಯವರು ಕೇಳುತ್ತಾರೆ. ಹಗಲಲ್ಲೂ ಹೆಡ್‌ಲೈಟ್ ಉರಿಯಬೇಕು. ಬೋರ್ಡಿಲ್ಲದ ಕಡೆ ಊರೊಳಗೆ 50, ಹೊರಗೆ 80, ಮೀರಿದರೆ ದಂಡ ಭಾರಿ. ಒಂಟಿ ರಸ್ತೆಗಳಲ್ಲಿ ನೀಲಿ ಬೋರ್ಡಿನ ಮೇಲೆ ಎಂ ಅಕ್ಷರ ಕಂಡರೆ ಅದು ಎದುರು ಗಾಡಿಗೆ ದಾರಿ ಬಿಡುವ ಜಾಗ. ಫೋಟೋಗೆ ನಿಲ್ಲಿಸುವ ಜಾಗ ಅಲ್ಲ. ಬೇಸಿಗೆಯಲ್ಲಿ ಕುರಿಗಳು ಬೆಚ್ಚಗಿನ ಡಾಂಬರಿನ ಮೇಲೆ ಮಲಗಿರುತ್ತವೆ. ಹಾರ್ನ್ ಹಾಕಿದರೆ ಏಳುವುದಿಲ್ಲ.

ನನ್ನ ತಮ್ಮ ಮುಂದಿನ ಜೂನ್‌ಗೆ ಹೆಂಡತಿ, ಎರಡು ಮಕ್ಕಳು, ನಮ್ಮ ಅಮ್ಮನನ್ನು ಕರೆದುಕೊಂಡು ಹೊರಟಿದ್ದಾನೆ, ಒಂಬತ್ತು ದಿನ. ಏವೆನೆಸ್‌ಗೆ ವಿಮಾನ, ಮೂರು ರಾತ್ರಿ ಆಂಡೆನೆಸ್ ಕಡೆ, ಮೆಲ್ಬು ಫೆರಿ, ಉಳಿದದ್ದು ಲೊಫೋಟೆನ್ ಅಂತ ಬರೆದುಕೊಟ್ಟೆ. ಸೆನ್ಯಾ ಕೈಬಿಡಿಸಿದೆ, ಅವನಿಗೆ ಸಿಟ್ಟು. "ಓ ತನಕ ಹೋಗಲೇಬೇಕಾ ಅಣ್ಣ? ಅಲ್ಲೇನಿದೆ?" ಅಂತ ಕೇಳಿದ. ಒಂದು ಸುರಂಗ ದಾಟಿದರೆ ಪಾರ್ಕಿಂಗ್ ಜಾಗ, ಇ10 ಅಲ್ಲಿಗೆ ಮುಗಿಯಿತು. ಹಳ್ಳಿಯೊಳಗೆ 1844ರ ಬೇಕರಿ ಇದೆ, ಬೇಸಿಗೆಯಲ್ಲಿ ದಾಲ್ಚಿನ್ನಿ ಬನ್ ಸುಡುತ್ತಾರೆ. ಅಮ್ಮನಿಗೆ ಇಷ್ಟವಾಗುತ್ತದೆ, ಬೇಗ ಹೋಗು ಅಂದೆ.